ಕನ್ನಂಬಾಡಿ ಕಟ್ಟೆ ಮತ್ತು ಸರ್ ಎಂ. ವಿಶ್ವೇಶ್ವರಯ್ಯ

ಮಕ್ಕಳೇ, ಮಂಡ್ಯದ ಸುತ್ತಮುತ್ತ ಎಲ್ಲಿ ನೋಡಿದರೂ ಕಬ್ಬು ಮತ್ತು ಭತ್ತದ ಗದ್ದೆಗಳು ಕಾಣುತ್ತವೆ. ಬೆಂಗಳೂರಿನ ಲಕ್ಷಾಂತರ ಮನೆಗಳ ನಲ್ಲಿಯಲ್ಲಿ ದೂರದ ಕಾವೇರಿಯ ನೀರು ಬರುತ್ತದೆ. ಮೈಸೂರಿನ ಜನರೂ ಕಾವೇರಿಯ ನೀರನ್ನೇ ಕುಡಿಯುತ್ತಾರೆ. ಇವೆಲ್ಲದರ ಹಿಂದೆ ಒಂದು ದೊಡ್ಡ ಕಲ್ಲಿನ ಗೋಡೆಯಿದೆ. ಅದೇ ಕೃಷ್ಣರಾಜಸಾಗರ ಅಣೆಕಟ್ಟು. ಸುತ್ತಲಿನ ಹಳ್ಳಿಗಳ ಜನ ಅದನ್ನು ಪ್ರೀತಿಯಿಂದ ಕನ್ನಂಬಾಡಿ ಕಟ್ಟೆ ಎಂದೇ ಕರೆಯುತ್ತಾರೆ.

ಈ ಕಟ್ಟೆಯ ಹೆಸರು ಹೇಳಿದೊಡನೆ ನೆನಪಾಗುವವರು ಸರ್ ಎಂ. ವಿಶ್ವೇಶ್ವರಯ್ಯನವರು. ಅವರ ಹುಟ್ಟುಹಬ್ಬವಾದ ಸೆಪ್ಟೆಂಬರ್ 15ನ್ನು ದೇಶದಾದ್ಯಂತ ಇಂಜಿನಿಯರುಗಳ ದಿನವೆಂದು ಆಚರಿಸುತ್ತೇವೆ. ಆದರೆ ಕಟ್ಟೆ ಪೂರ್ತಿಯಾಗುವ ಹಲವು ವರ್ಷಗಳ ಮೊದಲೇ ಅವರು ಮೈಸೂರು ಸರ್ಕಾರದ ಕೆಲಸ ಬಿಟ್ಟಿದ್ದರು ಎಂಬುದು ನಿಮಗೆ ಗೊತ್ತೇ? ಹಾಗಾದರೆ ಅವರು ಮಾಡಿದ್ದಾದರೂ ಏನು? ಬನ್ನಿ, ತಿಳಿಯೋಣ.

ಬರಗಾಲ ಕಂಡ ಹುಡುಗ

ವಿಶ್ವೇಶ್ವರಯ್ಯನವರು ಹುಟ್ಟಿದ್ದು 1860ರಲ್ಲಿ, ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮ. ಹೆಸರಿನ ಮುಂದಿರುವ ಮೋಕ್ಷಗುಂಡಂ ಎಂಬುದು ಅವರ ಪೂರ್ವಿಕರ ಊರು. ಅದು ಈಗಿನ ಆಂಧ್ರಪ್ರದೇಶದಲ್ಲಿದೆ.

ಶಾಲೆಯಲ್ಲಿ ಓದುತ್ತಿದ್ದಾಗಲೇ ತಂದೆ ತೀರಿಕೊಂಡರು. ಮನೆಯಲ್ಲಿ ಬಡತನವಿತ್ತು. ಚಿಕ್ಕಬಳ್ಳಾಪುರದಲ್ಲಿ ಓದಿದ ಹುಡುಗ ಮುಂದಿನ ಓದಿಗಾಗಿ ಬೆಂಗಳೂರಿಗೆ ಬಂದನು. ಚಿಕ್ಕ ಮಕ್ಕಳಿಗೆ ಮನೆಪಾಠ ಹೇಳಿ, ಅದರಿಂದ ಬಂದ ಹಣದಲ್ಲಿ ತನ್ನ ಓದು ಸಾಗಿಸಿದನು. 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಪದವಿ ಪಡೆದನು.

ಅದೇ ವರ್ಷಗಳಲ್ಲಿ ಮೈಸೂರು ಸಂಸ್ಥಾನದ ಮೇಲೆ ದೊಡ್ಡ ವಿಪತ್ತು ಬಂದೆರಗಿತು. 1876ರಿಂದ 1878ರವರೆಗೆ ಭೀಕರ ಬರಗಾಲ. ಮಳೆ ಕೈಕೊಟ್ಟಿತು, ಕೆರೆಗಳು ಒಣಗಿದವು. ಹಸಿವು ಮತ್ತು ರೋಗದಿಂದ ಲಕ್ಷಾಂತರ ಜನ ಸತ್ತರು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ ಇತ್ತು. ಹತ್ತು ವರ್ಷಗಳಲ್ಲಿ ಅದು ಹೆಚ್ಚುವ ಬದಲು ಸುಮಾರು 42 ಲಕ್ಷಕ್ಕೆ ಇಳಿಯಿತು.

ಇಲ್ಲಿ ಯೋಚಿಸಬೇಕಾದ ಒಂದು ವಿಷಯವಿದೆ. ಸಾಮಾನ್ಯ ವರ್ಷಗಳಲ್ಲಿ ಮಳೆಗಾಲ ಬಂದರೆ ಕಾವೇರಿ ದಡ ತುಂಬಿ ಹರಿಯುತ್ತಾಳೆ. ಬೇಸಿಗೆಯಲ್ಲಿ ಬಡವಾಗುತ್ತಾಳೆ. ಸುಗ್ಗಿಯಲ್ಲಿ ಬೆಳೆದ ರಾಗಿಯನ್ನು ರೈತರು ಕಣಜದಲ್ಲಿ ತುಂಬಿಟ್ಟು ವರ್ಷವಿಡೀ ಉಣ್ಣುತ್ತಾರೆ. ನೀರಿಗೂ ಅಂಥದೊಂದು ಕಣಜ ಬೇಡವೇ? ಅಣೆಕಟ್ಟು ಎಂದರೆ ನೀರಿನ ಕಣಜ. ಮಳೆಗಾಲದ ನೀರನ್ನು ಬೇಸಿಗೆಗೆ, ಒಳ್ಳೆಯ ವರ್ಷದ ನೀರನ್ನು ಕೆಟ್ಟ ವರ್ಷಕ್ಕೆ ಉಳಿಸಿಡುವುದೇ ಅದರ ಕೆಲಸ.

ನೀರಿನ ಪಾಠಗಳು

ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ವಿಶ್ವೇಶ್ವರಯ್ಯನವರು ಪುಣೆಗೆ ಹೋಗಿ ಇಂಜಿನಿಯರಿಂಗ್ ಓದಿದರು. 1883ರ ಪರೀಕ್ಷೆಯಲ್ಲಿ ಮೊದಲಿಗರಾದರು. 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿ ಅವರು ನೀರಿನ ಗುಣವನ್ನು ಹತ್ತಿರದಿಂದ ಕಲಿತರು.

ಸಿಂಧೂ ನದಿಯ ದಡದಲ್ಲಿ ಸಕ್ಕರ್ ಎಂಬ ಊರಿದೆ. ಈಗ ಅದು ಪಾಕಿಸ್ತಾನದಲ್ಲಿದೆ. ನದಿಯ ನೀರು ತುಂಬಾ ಕೆಸರು. ಅದನ್ನು ಸೋಸುವ ದೊಡ್ಡ ತೊಟ್ಟಿಗಳನ್ನು ಕಟ್ಟಲು ಊರಿನವರ ಬಳಿ ಹಣವಿರಲಿಲ್ಲ. ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲಿಯೇ ಬಾವಿ ತೋಡಿಸಿದರು. ನದಿಯ ನೀರು ಮರಳಿನ ಮೂಲಕ ಜಿನುಗಿ ಬಾವಿಗೆ ಬರುವಾಗ ಕೆಸರೆಲ್ಲ ಮರಳಿನಲ್ಲೇ ಉಳಿಯಿತು. ತಿಳಿನೀರು ಬಾವಿಯಲ್ಲಿ ತುಂಬಿತು. ಸೋಸುವ ಕೆಲಸವನ್ನು ನದಿಯ ಮರಳೇ ಮಾಡಿಕೊಟ್ಟಿತು!

ಪುಣೆಯ ಹತ್ತಿರದ ಖಡಕ್‌ವಾಸ್ಲಾ ಜಲಾಶಯದಲ್ಲಿ ಇನ್ನೊಂದು ಸಮಸ್ಯೆ. ಅಲ್ಲಿ ಹೆಚ್ಚು ನೀರು ನಿಲ್ಲಿಸಬೇಕು, ಆದರೆ ಪ್ರವಾಹ ಬಂದಾಗ ಕಟ್ಟೆಗೆ ಅಪಾಯವಾಗಬಾರದು. ಇದಕ್ಕಾಗಿ ಅವರು ತಾನಾಗಿಯೇ ತೆರೆದು ಮುಚ್ಚುವ ಬಾಗಿಲುಗಳನ್ನು ರೂಪಿಸಿದರು. ಅವು 1903ರಲ್ಲಿ ಕೆಲಸ ಆರಂಭಿಸಿದವು.

ಈ ಬಾಗಿಲು ತೆರೆಯುವುದು ಹೇಗೆ? ನೀವು ಬಾವಿಯಿಂದ ನೀರು ಸೇದಿದ್ದೀರಾ? ಕೊಡ ನೀರಿನೊಳಗೆ ಇರುವ ತನಕ ಹಗುರವಾಗಿರುತ್ತದೆ. ನೀರಿನಿಂದ ಮೇಲೆ ಬಂದೊಡನೆ ಭಾರವಾಗುತ್ತದೆ. ನೀರು ತನ್ನಲ್ಲಿ ಮುಳುಗಿದ ವಸ್ತುವನ್ನು ಮೇಲಕ್ಕೆ ತಳ್ಳುವುದೇ ಇದಕ್ಕೆ ಕಾರಣ. ಬಾಗಿಲುಗಳ ಭಾರಕ್ಕೆ ಸರಿದೂಗುವಂತೆ ಇನ್ನೊಂದು ಕಡೆ ಒಂದು ತೂಕವನ್ನು ತೊಟ್ಟಿಯೊಳಗೆ ತೂಗುಬಿಟ್ಟಿದ್ದರು. ಜಲಾಶಯದ ನೀರು ಮಿತಿ ಮೀರಿದರೆ ಅದು ಆ ತೊಟ್ಟಿಗೆ ಹರಿಯುತ್ತದೆ. ಆಗ ನೀರಿನಲ್ಲಿ ಮುಳುಗಿದ ತೂಕ ಹಗುರವಾಗುತ್ತದೆ, ಸಮತೋಲ ತಪ್ಪುತ್ತದೆ, ಬಾಗಿಲು ತೆರೆದುಕೊಳ್ಳುತ್ತದೆ. ಪ್ರವಾಹ ಇಳಿದು ತೊಟ್ಟಿ ಬರಿದಾದಾಗ ಬಾಗಿಲು ಮತ್ತೆ ಮುಚ್ಚಿಕೊಳ್ಳುತ್ತದೆ.

1908ರ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಮುಂಬಯಿಯ ಕೆಲಸ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನು ಹೈದರಾಬಾದಿನ ನಿಜಾಮರ ಸರ್ಕಾರ ಕರೆಸಿಕೊಂಡಿತು. ಊರಿನ ಮೇಲ್ಭಾಗದಲ್ಲಿ ಎರಡು ಜಲಾಶಯಗಳನ್ನು ಕಟ್ಟಿ ಪ್ರವಾಹವನ್ನು ತಡೆದು ನಿಲ್ಲಿಸಬೇಕೆಂದು ಅವರು ಸಲಹೆ ಕೊಟ್ಟರು. ಮುಂದೆ ಉಸ್ಮಾನ್ ಸಾಗರ್ ಮತ್ತು ಹಿಮಾಯತ್ ಸಾಗರ್ ಎಂಬ ಕೆರೆಗಳು ಹೀಗೆ ನಿರ್ಮಾಣವಾದವು.

ನೀರು ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ಎರಡನ್ನೂ ಅರಿತಿದ್ದ ಇಂಜಿನಿಯರ್ 1909ರ ನವೆಂಬರ್‌ನಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಆಗಿ ತಾಯ್ನಾಡಿಗೆ ಮರಳಿದರು.

ಬೇಸಿಗೆಯಲ್ಲಿ ಸೊರಗುವ ವಿದ್ಯುತ್

ಆ ಹೊತ್ತಿಗಾಗಲೇ ಮೈಸೂರು ಸಂಸ್ಥಾನದಲ್ಲಿ ವಿದ್ಯುತ್ ಬಂದಿತ್ತು. 1902ರಲ್ಲಿ ಶಿವನಸಮುದ್ರದ ಜಲಪಾತದ ಬಳಿ ಕಾವೇರಿ ನೀರಿನಿಂದ ವಿದ್ಯುತ್ ಉತ್ಪಾದನೆ ಆರಂಭವಾಗಿತ್ತು. ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗಳಿಗೆ ತಂತಿ ಎಳೆಯಲಾಗಿತ್ತು. ಆ ಕಾಲಕ್ಕೆ ಅದು ಜಗತ್ತಿನ ಬಹು ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ವಿದ್ಯುತ್ ದೀಪ ಬಂತು.

ಆದರೆ ವಿದ್ಯುತ್ ಯಂತ್ರವನ್ನು ತಿರುಗಿಸುವುದು ಮೇಲಿಂದ ಬೀಳುವ ನೀರು. ಬೇಸಿಗೆಯಲ್ಲಿ ಹೊಳೆ ಬಡವಾದರೆ ವಿದ್ಯುತ್ತೂ ಕಡಿಮೆ. ಗಣಿಗಳು ಮಾತ್ರ ಹೆಚ್ಚು ಹೆಚ್ಚು ವಿದ್ಯುತ್ ಕೇಳುತ್ತಿದ್ದವು.

ವಿಶ್ವೇಶ್ವರಯ್ಯನವರು ನದಿಯನ್ನು ಮೇಲಿನವರೆಗೂ ಪರಿಶೀಲಿಸಿದರು. ಕನ್ನಂಬಾಡಿ ಎಂಬ ಹಳ್ಳಿಯ ಬಳಿ ಕಟ್ಟೆ ಕಟ್ಟಿದರೆ ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಈ ಮೂರೂ ನದಿಗಳ ನೀರು ಒಂದೇ ಕಡೆ ನಿಲ್ಲುತ್ತದೆ. ಅಲ್ಲಿಂದ ವರ್ಷವಿಡೀ ಒಂದೇ ಸಮನೆ ನೀರು ಬಿಟ್ಟರೆ ಶಿವನಸಮುದ್ರದ ಯಂತ್ರಗಳು ನಿಲ್ಲದೆ ತಿರುಗುತ್ತವೆ. ನಾಲೆ ತೋಡಿದರೆ ಒಣಭೂಮಿಗೂ ನೀರು ಸಿಗುತ್ತದೆ. ಒಂದೇ ಕಟ್ಟೆಯಿಂದ ಹೀಗೆ ಹಲವು ಉಪಯೋಗ ಪಡೆಯುವುದನ್ನೇ ಈಗ ನಾವು ವಿವಿಧೋದ್ದೇಶ ಯೋಜನೆ ಎನ್ನುತ್ತೇವೆ.

ಯೋಜನೆಗೆ ತುಂಬಾ ಹಣ ಬೇಕಾಗಿತ್ತು. ಅಷ್ಟು ಖರ್ಚು ಮಾಡಿದರೆ ಅದು ಮರಳಿ ಬರುತ್ತದೆಯೇ ಎಂದು ಸರ್ಕಾರದ ಹಣಕಾಸು ಅಧಿಕಾರಿಗಳು ಅನುಮಾನಪಟ್ಟರು. ವಿಶ್ವೇಶ್ವರಯ್ಯನವರು ಲೆಕ್ಕವಿಟ್ಟು ತೋರಿಸಿದರು. ಗಣಿಗಳಿಗೆ ಮಾರುವ ವಿದ್ಯುತ್ತಿನಿಂದಲೂ ರೈತರ ನೀರಿನ ತೆರಿಗೆಯಿಂದಲೂ ಆದಾಯ ಬರುವುದನ್ನು ವಿವರಿಸಿದರು. ಕೊನೆಗೆ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರು ಒಪ್ಪಿಗೆ ಕೊಟ್ಟರು. ಅವರ ಒಪ್ಪಿಗೆಯಿಲ್ಲದೆ, ಸಂಸ್ಥಾನದ ಹಣವಿಲ್ಲದೆ ಈ ಕಟ್ಟೆ ಕಾಗದದ ಮೇಲೆಯೇ ಉಳಿಯುತ್ತಿತ್ತು. 1911ರ ನವೆಂಬರ್‌ನಲ್ಲಿ ಕೆಲಸ ಆರಂಭವಾಯಿತು.

ಅಡಿಪಾಯದ ಪ್ರಶ್ನೆ

ಇಲ್ಲಿಯೇ ದೊಡ್ಡ ತೊಡಕು ಎದುರಾಯಿತು. ಕಾವೇರಿ ಮೈಸೂರಿನಲ್ಲಿ ಹರಿದು ಮುಂದೆ ತಮಿಳುನಾಡಿಗೆ ಹೋಗುತ್ತದೆ. ಆಗ ಅದು ಮದ್ರಾಸು ಪ್ರಾಂತ್ಯ. ಕೆಳಗಿನ ತಂಜಾವೂರಿನ ರೈತರು ನೂರಾರು ವರ್ಷಗಳಿಂದ ಕಾವೇರಿ ನೀರಿನಲ್ಲಿ ಭತ್ತ ಬೆಳೆಯುತ್ತಿದ್ದರು. ಮೇಲೆ ದೊಡ್ಡ ಕಟ್ಟೆ ಕಟ್ಟಿದರೆ ತಮಗೆ ನೀರು ಕಡಿಮೆಯಾಗುತ್ತದೆ ಎಂಬುದು ಅವರ ಭಯ. 1892ರ ಒಪ್ಪಂದದ ಪ್ರಕಾರ ಮೈಸೂರು ಹೊಸ ಕಟ್ಟೆ ಕಟ್ಟಬೇಕಾದರೆ ಮದ್ರಾಸಿನ ಒಪ್ಪಿಗೆ ಬೇಕಾಗಿತ್ತು.

ಮೈಸೂರು ಕೇಳಿದ್ದು ಸುಮಾರು 41 ಟಿ.ಎಂ.ಸಿ. ನೀರು ಹಿಡಿಯುವ ಕಟ್ಟೆ. ಸಿಕ್ಕಿದ್ದು 11 ಟಿ.ಎಂ.ಸಿ.ಗೆ ಮಾತ್ರ ಅನುಮತಿ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಲೀಟರಿನಲ್ಲಿ ಹೇಳುವುದಾದರೆ ಸುಮಾರು 2,832 ಕೋಟಿ ಲೀಟರ್!

ಈಗ ಏನು ಮಾಡಬೇಕು? ಚಿಕ್ಕ ಕಟ್ಟೆಗೆ ಕಿರಿದಾದ ಅಡಿಪಾಯ ಸಾಕು. ಖರ್ಚೂ ಕಡಿಮೆ. ಆದರೆ ಮುಂದೊಂದು ದಿನ ದೊಡ್ಡ ಕಟ್ಟೆಗೆ ಅನುಮತಿ ಸಿಕ್ಕಿದರೆ? ಆಗ ನೀರಿನಡಿಯಲ್ಲಿರುವ ಅಡಿಪಾಯವನ್ನು ಅಗಲ ಮಾಡುವುದು ಬಹಳ ಕಷ್ಟ. ಮುಂದೆ ಮಹಡಿ ಕಟ್ಟುವ ಆಸೆಯಿದ್ದವರು ಮನೆಯ ತಳಪಾಯವನ್ನು ಮೊದಲೇ ಗಟ್ಟಿಯಾಗಿ ಹಾಕುವುದಿಲ್ಲವೇ? ಹಾಗೆಯೇ ದೊಡ್ಡ ಕಟ್ಟೆಗೆ ಬೇಕಾಗುವಷ್ಟು ಅಗಲದ ಅಡಿಪಾಯವನ್ನೇ ಹಾಕಲಾಯಿತು.

ಇದು ಅಪಾಯದ ನಿರ್ಧಾರವೇ ಸರಿ. ಅನುಮತಿ ಸಿಗದಿದ್ದರೆ ಬಡ ಸಂಸ್ಥಾನದ ಅಷ್ಟೊಂದು ಹಣ ಮಣ್ಣುಪಾಲಾಗುತ್ತಿತ್ತು. ಮದ್ರಾಸಿನವರಿಗೆ ಈ ಅಗಲದ ಅಡಿಪಾಯ ಕಂಡು ಅನುಮಾನವೂ ಸಿಟ್ಟೂ ಬಂದವು. ಒಪ್ಪಿದ್ದಕ್ಕಿಂತ ದೊಡ್ಡದನ್ನು ಕಟ್ಟುತ್ತಿದ್ದಾರೆ ಎಂದು ಅವರು ಆಕ್ಷೇಪಿಸಿದರು. ವಿವಾದ ಮಧ್ಯಸ್ಥಗಾರರ ಮುಂದೆ ಹೋಯಿತು. 1914ರಲ್ಲಿ ಬಂದ ತೀರ್ಪನ್ನು ಮದ್ರಾಸು ಒಪ್ಪಲಿಲ್ಲ. ವಿಷಯ ಲಂಡನ್ನಿನವರೆಗೂ ಹೋಗಿ ವರ್ಷಗಟ್ಟಲೆ ಎಳೆಯಿತು.

ಕಲ್ಲು, ಸುಣ್ಣ, ಇಟ್ಟಿಗೆ ಪುಡಿ

ಅತ್ತ ವಾದ ನಡೆಯುತ್ತಿದ್ದರೆ ಇತ್ತ ಕೆಲಸ ನಿಲ್ಲಲಿಲ್ಲ. ಸಾವಿರಾರು ಕೂಲಿಕಾರರು ಕಲ್ಲು ಒಡೆದರು, ಹೊತ್ತರು, ಕಟ್ಟಿದರು. ಮಲೇರಿಯಾ ಕಾಡುತ್ತಿದ್ದ ಆ ಜಾಗದಲ್ಲಿ ರಾತ್ರಿಯೂ ದೀಪದ ಬೆಳಕಿನಲ್ಲಿ ದುಡಿದರು. ಇವರ ಹೆಸರುಗಳು ನಮಗೆ ಪಾಠದಲ್ಲಿ ಸಿಗುವುದಿಲ್ಲ. ಕಟ್ಟೆಯ ಒಂದೊಂದು ಕಲ್ಲಿನಲ್ಲೂ ಇವರ ಶ್ರಮವಿದೆ.

ಆಗ ಸಿಮೆಂಟ್ ದುಬಾರಿ. ಹೆಚ್ಚಿನದು ಹೊರದೇಶದಿಂದ ಬರಬೇಕಾಗಿತ್ತು. ಆದ್ದರಿಂದ ಕಲ್ಲುಗಳನ್ನು ಸುರ್ಕಿ ಗಾರೆಯಿಂದ ಬೆಸೆದರು. ಸುಟ್ಟ ಜೇಡಿಮಣ್ಣಿನ ಇಟ್ಟಿಗೆಯ ನುಣುಪಾದ ಪುಡಿಯೇ ಸುರ್ಕಿ. ಬರೀ ಸುಣ್ಣದ ಗಾರೆ ಗಟ್ಟಿಯಾಗಲು ಗಾಳಿ ಬೇಕು, ನೀರಿನೊಳಗೆ ಅದು ಚೆನ್ನಾಗಿ ಗಟ್ಟಿಯಾಗುವುದಿಲ್ಲ. ಸುಣ್ಣಕ್ಕೆ ಸುರ್ಕಿ ಬೆರೆಸಿದರೆ ಎರಡರ ನಡುವೆ ರಾಸಾಯನಿಕ ಕ್ರಿಯೆ ನಡೆದು ಗಾರೆ ನೀರಿನಲ್ಲೂ ಗಟ್ಟಿಯಾಗುತ್ತದೆ. ಕಾಲ ಕಳೆದಂತೆ ಇನ್ನಷ್ಟು ಗಟ್ಟಿಯಾಗುತ್ತದೆ.

ಇನ್ನೊಂದು ವಿಷಯ ಗಮನಿಸಿ. ಅಣೆಕಟ್ಟಿನ ಗೋಡೆ ಬುಡದಲ್ಲಿ ದಪ್ಪ, ತುದಿಯಲ್ಲಿ ತೆಳು. ಏಕೆ? ನೀರು ಆಳವಾದಷ್ಟೂ ಅದರ ಒತ್ತಡ ಹೆಚ್ಚು. 38 ಮೀಟರ್ ಆಳದಲ್ಲಿ ಒಂದು ಚದರ ಮೀಟರ್ ಜಾಗದ ಮೇಲೆ ನೀರು ಸುಮಾರು 38 ಟನ್ ಭಾರದಷ್ಟು ಬಲದಿಂದ ಒತ್ತುತ್ತದೆ. ಕನ್ನಂಬಾಡಿಯ ಗೋಡೆ ತನ್ನ ಸ್ವಂತ ಭಾರದಿಂದಲೇ ಈ ಒತ್ತಡವನ್ನು ತಡೆದು ನಿಲ್ಲುತ್ತದೆ. ಇಂಥ ಕಟ್ಟೆಗಳಿಗೆ ಭಾರಾವಲಂಬಿ ಅಣೆಕಟ್ಟು ಎಂದು ಹೆಸರು.

ಬಿತ್ತಿದವರು, ಬೆಳೆ ಕಂಡವರು

1912ರಲ್ಲಿ ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾದರು. ಅವರ ಕಾಲದಲ್ಲಿ ಮೈಸೂರು ಬ್ಯಾಂಕ್ ಹುಟ್ಟಿತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆರಂಭವಾಯಿತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಸಿದ್ಧತೆ ನಡೆಯಿತು. ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ಪಾಲು ಕೊಡುವ ವಿಷಯದಲ್ಲಿ ಮಹಾರಾಜರಿಗೂ ಅವರಿಗೂ ಅಭಿಪ್ರಾಯಭೇದ ಬಂತು. 1918ರಲ್ಲಿ ಅವರು ದಿವಾನಗಿರಿ ಬಿಟ್ಟರು.

ಆಗ ಕಟ್ಟೆ ಇನ್ನೂ ಅರ್ಧದಲ್ಲಿತ್ತು. ನೀರಿನ ವಿವಾದವೂ ಮುಗಿದಿರಲಿಲ್ಲ. ಅಗಲದ ಅಡಿಪಾಯ ಸಾರ್ಥಕವಾಗುವುದೋ ವ್ಯರ್ಥವಾಗುವುದೋ ಯಾರಿಗೂ ತಿಳಿದಿರಲಿಲ್ಲ.

1924ರ ಫೆಬ್ರವರಿಯಲ್ಲಿ ಮೈಸೂರು ಮತ್ತು ಮದ್ರಾಸು ಒಂದು ಒಪ್ಪಂದಕ್ಕೆ ಬಂದವು. ಅದರಂತೆ ಮೈಸೂರು ತನ್ನ ದೊಡ್ಡ ಕಟ್ಟೆಯನ್ನು ಕಟ್ಟಬಹುದು, ಕೆಳಗೆ ಎಷ್ಟು ನೀರು ಬಿಡಬೇಕು ಎಂಬುದಕ್ಕೆ ನಿಯಮಗಳಿರುತ್ತವೆ. ಮದ್ರಾಸು ಮೆಟ್ಟೂರಿನಲ್ಲಿ ತನ್ನ ಕಟ್ಟೆಯನ್ನು ಕಟ್ಟಿಕೊಳ್ಳಬಹುದು. ಮೆಟ್ಟೂರು ಅಣೆಕಟ್ಟು 1934ರಲ್ಲಿ ಪೂರ್ತಿಯಾಯಿತು.

ಹದಿಮೂರು ವರ್ಷಗಳ ಹಿಂದೆ ಯೋಜಿಸಿದ ದೊಡ್ಡ ಕಟ್ಟೆ ಆ ಹಳೆಯ ಅಡಿಪಾಯದ ಮೇಲೆ ಎದ್ದು ನಿಂತಿತು. ಬೇರೆ ಇಂಜಿನಿಯರುಗಳು, ಬೇರೆ ದಿವಾನರು ಕೆಲಸ ಮುಂದುವರಿಸಿದರು. 1930ರ ದಶಕದ ಆರಂಭಕ್ಕೆ ಕಟ್ಟೆ ಮುಗಿಯಿತು. ಅದರ ಉದ್ದ ಸುಮಾರು 2.6 ಕಿಲೋಮೀಟರ್. ನೀರಿನ ಪೂರ್ಣ ಮಟ್ಟ 124.80 ಅಡಿ. ಜಲಾಶಯದ ಒಟ್ಟು ಸಾಮರ್ಥ್ಯ 49.45 ಟಿ.ಎಂ.ಸಿ. ಮಹಾರಾಜರ ಹೆಸರಿನಿಂದ ಅದಕ್ಕೆ ಕೃಷ್ಣರಾಜಸಾಗರ ಎಂದು ಹೆಸರಾಯಿತು.

ಕಟ್ಟೆಯಿಂದ ಬಂದದ್ದು, ಕಟ್ಟೆಗೆ ಕೊಟ್ಟದ್ದು

ಕಟ್ಟೆಯಿಂದ ಒಂದು ದೊಡ್ಡ ನಾಲೆ ಹೊರಟಿತು. ಮೊದಲು ಅದಕ್ಕೆ ಇರ್ವಿನ್ ನಾಲೆ ಎಂದು ಹೆಸರಿತ್ತು, ಈಗ ಅದು ವಿಶ್ವೇಶ್ವರಯ್ಯ ನಾಲೆ. ದಾರಿಯಲ್ಲಿ ಹುಲಿಕೆರೆಯ ಬಳಿ ಗುಡ್ಡ ಅಡ್ಡ ಬಂದಾಗ ಸುರಂಗ ಕೊರೆದು ನೀರು ಹರಿಸಿದರು. ಮಳೆಯನ್ನೇ ನಂಬಿ ರಾಗಿ, ಜೋಳ ಬೆಳೆಯುತ್ತಿದ್ದ ಮಂಡ್ಯದ ಹೊಲಗಳು ಗದ್ದೆಗಳಾದವು. ಕಬ್ಬು ಹೆಚ್ಚಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಶಿವನಸಮುದ್ರಕ್ಕೆ ಬೇಸಿಗೆಯಲ್ಲೂ ನೀರು ಸಿಕ್ಕಿತು. 1940ರಲ್ಲಿ ಶಿಂಷಾದಲ್ಲೂ ವಿದ್ಯುತ್ ಉತ್ಪಾದನೆ ಆರಂಭವಾಯಿತು. 1974ರಿಂದ ಬೆಂಗಳೂರಿಗೂ ಕಾವೇರಿ ನೀರು ಹರಿಯತೊಡಗಿತು.

ಇದಕ್ಕಾಗಿ ತೆತ್ತವರೂ ಇದ್ದಾರೆ. ಕನ್ನಂಬಾಡಿಯೂ ಸೇರಿದಂತೆ ಹಲವು ಹಳ್ಳಿಗಳು ನೀರಿನಲ್ಲಿ ಮುಳುಗಿದವು. ಜನ ಹುಟ್ಟಿದ ಮನೆ, ಉತ್ತ ಹೊಲ ಬಿಟ್ಟು ಬೇರೆ ಕಡೆ ಹೋಗಬೇಕಾಯಿತು. ಕನ್ನಂಬಾಡಿಯ ಹಳೆಯ ವೇಣುಗೋಪಾಲಸ್ವಾಮಿ ದೇವಾಲಯವೂ ಮುಳುಗಿತು. ಬರದ ವರ್ಷಗಳಲ್ಲಿ ನೀರು ಇಳಿದಾಗ ಅದು ಮತ್ತೆ ಕಾಣಿಸುತ್ತಿತ್ತು. ಮುಂದೆ ಅದರ ಕಲ್ಲುಗಳನ್ನು ಬಿಡಿಸಿ ತಂದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಿ ನಿಲ್ಲಿಸಲಾಯಿತು.

ನೀರಿನ ಹಂಚಿಕೆಯ ಪ್ರಶ್ನೆಯೂ ಅಲ್ಲಿಗೇ ಮುಗಿಯಲಿಲ್ಲ. ಮಳೆ ಕಡಿಮೆಯಾದ ವರ್ಷಗಳಲ್ಲಿ ಅದು ಮತ್ತೆ ಮತ್ತೆ ಎದ್ದಿತು. 2018ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕ, ತಮಿಳುನಾಡು, ಕೇರಳ ಮತ್ತು ಪುದುಚೇರಿಯ ಪಾಲುಗಳನ್ನು ನಿಗದಿ ಮಾಡಿ ತೀರ್ಪು ಕೊಟ್ಟಿತು. ಕಟ್ಟೆ ನೀರನ್ನು ಕೂಡಿಡಬಲ್ಲದೇ ಹೊರತು ಹೊಸ ನೀರನ್ನು ಹುಟ್ಟಿಸಲಾರದು. ಕೂಡಿಟ್ಟದ್ದನ್ನು ಹಂಚಿಕೊಂಡು ಹಿತಮಿತವಾಗಿ ಬಳಸುವುದು ನಮ್ಮೆಲ್ಲರ ಕೆಲಸ.

ವಿಶ್ವೇಶ್ವರಯ್ಯನವರು ಮುಪ್ಪಿನಲ್ಲೂ ದುಡಿಯುತ್ತಲೇ ಇದ್ದರು. 1955ರಲ್ಲಿ ಅವರಿಗೆ ಭಾರತರತ್ನ ಗೌರವ ಸಂದಿತು. 1962ರ ಏಪ್ರಿಲ್‌ನಲ್ಲಿ, ನೂರು ವರ್ಷ ದಾಟಿದ ಮೇಲೆ ಅವರು ತೀರಿಕೊಂಡರು. ಹುಟ್ಟೂರು ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿಯಿದೆ.

ಕನ್ನಂಬಾಡಿ ಕಟ್ಟೆಗೆ ಹೋದಾಗ ನಮಗೆ ಕಾಣುವುದು ನೀರಿನ ಮೇಲಿರುವ ಗೋಡೆ. ಅದನ್ನು ಹೊತ್ತು ನಿಂತ ಅಡಿಪಾಯ ಕಾಣುವುದಿಲ್ಲ. ನಾಳೆಯವರಿಗೆ ಬೇಕಾಗುತ್ತದೆಂದು ಅಂದೇ ಯೋಚಿಸಿ ಹಾಕಿದ ಅಡಿಪಾಯ ಅದು.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಒಂದು ಖಾಲಿ ಪ್ಲಾಸ್ಟಿಕ್ ಬಾಟಲಿ, ಮೊಳೆ, ನೀರು.

ಬಾಟಲಿಯ ಪಕ್ಕದಲ್ಲಿ ಮೇಲೆ, ನಡುವೆ ಮತ್ತು ಬುಡದ ಹತ್ತಿರ ಒಂದೇ ಗಾತ್ರದ ಮೂರು ತೂತುಗಳನ್ನು ಮಾಡಿ. ತೂತು ಮಾಡುವಾಗ ದೊಡ್ಡವರ ನೆರವು ಪಡೆಯಿರಿ. ಬೆರಳುಗಳಿಂದ ತೂತುಗಳನ್ನು ಮುಚ್ಚಿ ಬಾಟಲಿಯ ತುಂಬ ನೀರು ತುಂಬಿ. ಈಗ ಬೆರಳು ತೆಗೆಯಿರಿ. ಯಾವ ತೂತಿನಿಂದ ನೀರು ಹೆಚ್ಚು ರಭಸವಾಗಿ ಚಿಮ್ಮುತ್ತದೆ? ಅಣೆಕಟ್ಟಿನ ಬುಡ ಏಕೆ ದಪ್ಪವಾಗಿರಬೇಕೆಂದು ಈಗ ನೀವೇ ಹೇಳಿ.

ಯೋಚಿಸಿ, ಚರ್ಚಿಸಿ

1. ನಿಮ್ಮ ಊರಿನ ಕೆರೆ ಯಾವ ತಿಂಗಳಲ್ಲಿ ತುಂಬುತ್ತದೆ? ಆ ನೀರು ಎಷ್ಟು ತಿಂಗಳು ಉಳಿಯುತ್ತದೆ? ಹಿರಿಯರನ್ನು ಕೇಳಿ ಬರೆಯಿರಿ.
2. ದೊಡ್ಡ ಕಟ್ಟೆಗೆ ಅನುಮತಿ ಸಿಗುವ ಮೊದಲೇ ಅಗಲದ ಅಡಿಪಾಯ ಹಾಕಿದ್ದು ಸರಿಯೇ? ಮೈಸೂರಿನ ರೈತರ ಕಡೆಯಿಂದ ಒಂದು ಗುಂಪು, ತಂಜಾವೂರಿನ ರೈತರ ಕಡೆಯಿಂದ ಇನ್ನೊಂದು ಗುಂಪು ತರಗತಿಯಲ್ಲಿ ಮಾತನಾಡಿ.
3. ಕಟ್ಟೆಗಾಗಿ ಊರು ಬಿಟ್ಟ ಮಗುವೊಂದು ತನ್ನ ಗೆಳೆಯನಿಗೆ ಬರೆದ ಪತ್ರವನ್ನು ನೀವು ಕಲ್ಪಿಸಿ ಬರೆಯಿರಿ.